ಲ್ಯಾಮಿನೇಟ್ ಸ್ಟಾಕ್ ಹಾಕಿದ ಮೇಲೆ ರೈಫಲ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಹಳೆಯ ವಾಲ್ನಟ್ ಸ್ಟಾಕ್ (ರೈಫಲ್‌ನ ಲೋಹದ ಭಾಗಗಳು ಕೂರುವ ಮರದ ಮೈ) ತೆಗೆದು ಹೊಸ ಲ್ಯಾಮಿನೇಟ್ ಸ್ಟಾಕ್ ಕೂಡಿಸಿದ ಮೇಲೆ ಬರುವ ದೂರುಗಳು ಹೆಚ್ಚೂಕಡಿಮೆ ಒಂದೇ ಥರ. ಗ್ರೂಪ್ (ಗುರಿಹಲಗೆಯ ಮೇಲೆ ಈಡುಗಳು ಬೀಳುವ ಗುಂಪು) ಹರಡಿತು, ಬೋಲ್ಟ್ (ಹಿಡಿಯಿಂದ ಹಿಂದೆ ಮುಂದೆ ಓಡಿಸಿ ತೋಟಾ ಏರಿಸುವ ಲೋಹದ ತುಂಡು) ಬಿಗಿಯಾಯಿತು, ಮಳೆಗಾಲ ಕಳೆದ ಮೇಲೆ ಗುರಿ ಎಲ್ಲಿಗೋ ಹೋಯಿತು. ಬಹಳಷ್ಟು ಸಲ ನಳಿಗೆಯೂ ಸರಿ ಇರುತ್ತದೆ, ಸ್ಕೋಪೂ ಸರಿ ಇರುತ್ತದೆ. ತಾಗಬಾರದ ಕಡೆ ಲೋಹ ಮರಕ್ಕೆ ತಾಗುತ್ತಿರುತ್ತದೆ, ಇಲ್ಲವೇ ತಾಗಲೇಬೇಕಾದ ಕಡೆ ತಾಗಿರುವುದಿಲ್ಲ. ಆ ಜಾಗ ಯಾವುದೆಂದು ಖಚಿತವಾಗುವವರೆಗೆ ಉಳಿ, ಅರ, ಸ್ಯಾಂಡ್‌ಪೇಪರ್ ಪೆಟ್ಟಿಗೆಯಲ್ಲೇ ಇರಲಿ. ಕೆತ್ತಿದ ಮರ ಮರಳಿ ಬರುವುದಿಲ್ಲ.

ಲ್ಯಾಮಿನೇಟ್ ಎಂದರೆ ಸುಮಾರು 1.5 ಮಿ.ಮೀ. ದಪ್ಪದ ಹಾಳೆಗಳು, ಹೆಚ್ಚಾಗಿ ಬರ್ಚ್ ಮರದವು. ಅವಕ್ಕೆ ಬಣ್ಣ ಕುಡಿಸಿ, ರೆಸಿನ್ ಹಚ್ಚಿ, ಒತ್ತಿ ಮಾಡಿದ ದಿಮ್ಮಿಯಿಂದ ಸ್ಟಾಕ್ ಕೊರೆಯುತ್ತಾರೆ. ಒಂದೇ ತುಂಡಿನ ಮರದಷ್ಟು ತಿರುಚಿಕೊಳ್ಳುವುದಿಲ್ಲ, ವಾಲ್ನಟ್‌ಗಿಂತ ಕಾಲು ಕಿಲೋದಷ್ಟು ಭಾರ. ‘ಡ್ರಾಪ್-ಇನ್’ ಎಂದು ಮಾರುತ್ತಾರೆ ನಿಜ, ಆದರೆ ಅದು ಸರಾಸರಿ ಅಳತೆಗೆ ಕೊರೆದ ಮರ. ನಿಮ್ಮ ರೈಫಲ್ ಸರಾಸರಿಯಾಗಿರಬೇಕೆಂದೇನೂ ಇಲ್ಲ.

ಇಲ್ಲಿ ಹೇಳಿರುವುದು ಬೋಲ್ಟ್ ಆ್ಯಕ್ಷನ್ ರೈಫಲ್‌ಗಳಿಗೆ: .22 ಸ್ಪೋರ್ಟರ್‌ಗಳು ಮತ್ತು ಮೌಸರ್ 98 ಮಾದರಿಯ ದೊಡ್ಡ ಬೋರಿನವು (ಬೋರ್ ಎಂದರೆ ನಳಿಗೆಯ ಒಳ ಅಗಲ). ಎರಡು ತುಂಡಿನ ಸ್ಟಾಕ್ ಇರುವ ಲೀ-ಎನ್‌ಫೀಲ್ಡ್ ಮಾದರಿಯ .315ಕ್ಕೆ ಇದರಲ್ಲಿ ಅರ್ಧ ಮಾತ್ರ ಹೊಂದುತ್ತದೆ.

ಕೈ ಹಾಕುವ ಮುನ್ನ

ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹೊರಗೆಳೆಯಿರಿ, ಚೇಂಬರ್‌ಗೆ (ತೋಟಾ ಕೂರುವ ಗೂಡಿಗೆ) ಟಾರ್ಚ್ ಬಿಟ್ಟು ನೋಡಿ, ಕಿರುಬೆರಳು ಹಾಕಿಯೂ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಮನೆಯಲ್ಲಿ ಮಾಡುವ ಪ್ರತಿ ಪರೀಕ್ಷೆಯೂ ಖಾಲಿ ರೈಫಲ್‌ನಲ್ಲೇ ಆಗಬೇಕು. ತೋಟಾ ಏರುವುದನ್ನು ನೋಡಬೇಕಾದರೆ ಮದ್ದಿಲ್ಲದ ಡಮ್ಮಿ ತೋಟಾ ಬಳಸಿ, ನಿಜವಾದದ್ದು ಬೇಡವೇ ಬೇಡ. ಠಾಣೆ, ಡೊಂಬಿವಲಿಯ ಸೊಸೈಟಿ ಫ್ಲಾಟ್‌ಗಳಲ್ಲಿ ಕಿಟಕಿ ಎದುರು ರೈಫಲ್ ಬಿಚ್ಚಿಕೊಂಡು ಕೂತರೆ ಎದುರಿನ ವಿಂಗ್‌ನವರು ಪೊಲೀಸರಿಗೆ ಫೋನ್ ಮಾಡದೆ ಬಿಡುವುದಿಲ್ಲ. ಪರದೆ ಎಳೆದು ಕೂರಿ.

ಕಾನೂನಿನ ಮಾತೂ ಇಲ್ಲೇ ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂದು ಹವ್ಯಾಸದ ಬೇಟೆಯ ಮಾತೇ ಇಲ್ಲ. ಬೇಟೆಗೆಂದು ಮಾಡಿದ ರೈಫಲ್‌ಗೂ ಇಂದು ಶೂಟಿಂಗ್ ರೇಂಜ್ ಒಂದೇ ಜಾಗ. .22 ಆದರೆ ಮುಂಬೈಯ ವರ್ಲಿ, ಪುಣೆಯ ಬಾಲೇವಾಡಿಗಳ 50 ಮೀಟರ್ ಸಾಲು ಸಾಕು. ದೊಡ್ಡ ಬೋರಿಗೆ ಯಾವ ರೇಂಜ್ ಅನುಮತಿ ಕೊಡುತ್ತದೆಂದು ಮೊದಲೇ ಕೇಳಿಕೊಳ್ಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ರಿಪೇರಿಗೆ ಪರವಾನಗಿ ಬೇಕು. ಹಾಗಾಗಿ ನಳಿಗೆ, ಬೋಲ್ಟ್, ಟ್ರಿಗರ್‌ಗಳ ಲೋಹಕ್ಕೆ ನೀವು ಅರ ತಾಗಿಸಬೇಡಿ. ಗೆಳೆಯರ ರೈಫಲ್ ತಂದು ‘ಸರಿ ಮಾಡಿಕೊಡುವ’ ಉಪಕಾರವೂ ಬೇಡ. ಅನುಮಾನ ಇದ್ದರೆ ಸ್ಟಾಕ್ ಬದಲಾವಣೆಯನ್ನೇ ಪರವಾನಗಿ ಪಡೆದ ಗನ್‌ಸ್ಮಿತ್ ಕೈಯಲ್ಲಿ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು ಸ್ವಲ್ಪವೇ: ಇಂಚು-ಪೌಂಡ್ ಟಾರ್ಕ್ ಡ್ರೈವರ್ (ಸ್ಕ್ರೂ ಎಷ್ಟು ಬಿಗಿಯೆಂದು ಅಂಕಿಯಲ್ಲಿ ಹೇಳುವುದು), ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಬಿಟ್‌ಗಳು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆಗಳು), ಪಿವಿಸಿ ಟೇಪ್, ಟಾರ್ಚ್, ಅಡುಗೆಮನೆಯ ತಕ್ಕಡಿ, ಗುರುತು ಹಿಡಿಯಲು ಮಸಿ. ಕರ್ಪೂರ ಉರಿಸಿ ಸ್ಟೀಲ್ ತಟ್ಟೆಗೆ ಹಿಡಿದ ಮಸಿ ಇದಕ್ಕೆ ತುಂಬ ಚೆನ್ನಾಗಿ ಆಗುತ್ತದೆ. ಬೇಡವೆಂದರೆ ಮುಂಬೈಯ ನಾಗದೇವಿ ಸ್ಟ್ರೀಟ್‌ನಲ್ಲೋ ಪುಣೆಯ ಬೋಹ್ರಿ ಆಳಿಯಲ್ಲೋ ಮಾರ್ಕಿಂಗ್ ಬ್ಲೂ ಕೇಳಿ.

ಗುರಿ ಜಾಗ ಬಿಟ್ಟಿದೆ, ಆದರೆ ಗ್ರೂಪ್ ಚೆನ್ನಾಗಿಯೇ ಇದೆ

ಇದು ದೋಷವಲ್ಲ. ಹೊಸ ಸ್ಟಾಕ್‌ನಲ್ಲಿ ನಳಿಗೆ ಕಂಪಿಸುವ ಬಗೆ ಬದಲಾಗುತ್ತದೆ, ಭಾರ ಬದಲಾಗುತ್ತದೆ, ಕೆನ್ನೆ ಕೂರುವ ಎತ್ತರವೂ ಬದಲಾಗುತ್ತದೆ. ಮತ್ತೆ ಝೀರೋ ಮಾಡಿ, ಅಂದರೆ ಈಡು ಬೀಳುವ ಜಾಗಕ್ಕೆ ಸ್ಕೋಪ್ ಹೊಂದಿಸಿ, ಅಷ್ಟೇ. ಮಾಡಿದ ಝೀರೋ ಮುಂದಿನ ಸಲ ಹೋದಾಗ ಅಲ್ಲೇ ಇದ್ದರೆ ಎಲ್ಲ ಸರಿ. ಪ್ರತಿ ಸಲವೂ ಬೇರೆ ಕಡೆ ಇದ್ದರೆ ಮಾತ್ರ ಮುಂದಕ್ಕೆ ಓದಿ.

ಬೋಲ್ಟ್ ಬಿಗಿ, ಅಥವಾ ಬೋಲ್ಟ್ ಹಿಡಿ ಪೂರ್ತಿ ಕೆಳಗೆ ಬರುವುದಿಲ್ಲ

ಹಳೆಯ ಸ್ಟಾಕ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಬೋಲ್ಟ್ ಹೊಸದರಲ್ಲಿ ತಡವರಿಸಿದರೆ ಮೊದಲು ಆ್ಯಕ್ಷನ್ ಸ್ಕ್ರೂಗಳ ಉದ್ದದ ಮೇಲೆ ಅನುಮಾನ ಪಡಿ. ಬೋಲ್ಟ್, ಅದು ಓಡುವ ಲೋಹದ ಕವಚವಾದ ರಿಸೀವರ್, ಟ್ರಿಗರ್ ಸೇರಿದ್ದು ಆ್ಯಕ್ಷನ್; ಅದನ್ನು ಸ್ಟಾಕ್‌ಗೆ ಹಿಡಿಯುವ ಸ್ಕ್ರೂಗಳಿವು. ಹೊಸ ಸ್ಟಾಕ್‌ನ ತಳ ತೆಳುವಾಗಿದ್ದರೆ, ಇಲ್ಲವೇ ಸ್ಕ್ರೂ ತಲೆಯ ಗುಳಿ ಆಳವಾಗಿದ್ದರೆ, ಅದೇ ಸ್ಕ್ರೂ ಮೇಲಕ್ಕೆ ಹೆಚ್ಚು ಏರುತ್ತದೆ. ಮುಂದಿನದು ಏರಿದರೆ ಬೋಲ್ಟ್‌ನ ಲಗ್‌ಗೆ (ಮುಚ್ಚಿದಾಗ ಕಚ್ಚಿ ಹಿಡಿಯುವ ಉಬ್ಬಿಗೆ) ಅಡ್ಡಬಂದು ಮುಚ್ಚುವ ಕೊನೆಯ ಹಂತದಲ್ಲಿ ತಡೆಯುತ್ತದೆ. ಹಿಂದಿನದು ಏರಿದರೆ ಬೋಲ್ಟ್‌ನ ಮೈಮೇಲೆ ಉದ್ದಕ್ಕೆ ಹೊಳೆಯುವ ಗೀರು ಬೀಳುತ್ತದೆ.

ಪರೀಕ್ಷೆಗೆ ಖರ್ಚೇನೂ ಇಲ್ಲ. ಒಂದೊಂದೇ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಬೋಲ್ಟ್ ಓಡಿಸಿ. ಯಾವುದು ಸಡಿಲಾದಾಗ ಹಗುರಾಯಿತೋ ಅದೇ ಕಳ್ಳ. ಆ ಸ್ಕ್ರೂವನ್ನು ಮೋಟು ಮಾಡುವ ಮೊದಲು ಒಂದು ನಟ್ ತಿರುಗಿಸಿಟ್ಟು ಆಮೇಲೆ ತುದಿಗೆ ಅರ ಹಾಕಿ. ನಟ್ ಹೊರಬರುವಾಗ ಎಳೆಗಳ ಚೂರು ತಾನೇ ಸರಿಯಾಗುತ್ತದೆ. ಸ್ಕ್ರೂ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದದ ಎಳೆ ರಿಸೀವರ್‌ನೊಳಗೆ ಹಿಡಿದಿರಬೇಕು. ಅದಕ್ಕಿಂತ ಕಡಿಮೆಯಾಗುವುದಾದರೆ ಮೋಟು ಮಾಡಬೇಡಿ, ತಲೆಯಡಿ ವಾಷರ್ ಕೊಡಿ.

ಸ್ಕ್ರೂ ಸಡಿಲಿಸಿದರೂ ಬೋಲ್ಟ್ ಹಿಡಿ ಕೆಳಗೆ ಬಾರದಿದ್ದರೆ ಸ್ಟಾಕ್‌ನ ಕಚ್ಚು ನೋಡಿ. ಹಿಡಿ ಪೂರ್ತಿ ಕೆಳಗಿಳಿದಾಗ ಅದಕ್ಕೂ ಮರಕ್ಕೂ ನಡುವೆ ಎಲ್ಲ ಬದಿಯಲ್ಲಿ 1 ಮಿ.ಮೀ. ಸಂದು ಬೇಕು. ಹಿಡಿ ಮರದ ಮೇಲೆ ಕೂತಿದೆಯೆಂದರೆ ಬೋಲ್ಟ್ ಪೂರ್ತಿ ತಿರುಗಿಲ್ಲ, ಲಗ್‌ಗಳು ಪೂರ್ತಿ ಕಚ್ಚಿಲ್ಲ. ಆ ಸ್ಥಿತಿಯಲ್ಲಿ ಒಂದು ಈಡೂ ಹೊಡೆಯಬೇಡಿ. ಹಿಡಿಯ ಕೆಳಭಾಗಕ್ಕೆ ಮಸಿ ಹಚ್ಚಿ, ಮುಚ್ಚಿ, ತೆರೆದು ನೋಡಿ. ಕಪ್ಪು ಬಿದ್ದ ಕಡೆ ಮಾತ್ರ ಕೆರೆಯಿರಿ.

ಲ್ಯಾಮಿನೇಟ್‌ನಲ್ಲಿ ಕೆರೆಯುವ ಕ್ರಮ ಬೇರೆ. ಪದರ ಪದರದ ಅಂಟು ಉಳಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಉಳಿ ಪದರವನ್ನೇ ಕಿತ್ತು ಎಬ್ಬಿಸುತ್ತದೆ. ಚೂಪಾದ ಸ್ಕ್ರೇಪರ್, ಅಥವಾ ಗುಂಡು ಕಡ್ಡಿಗೆ ಸುತ್ತಿದ 120 ನಂಬರ್ ಸ್ಯಾಂಡ್‌ಪೇಪರ್ ವಾಸಿ. ಆ ಪುಡಿಯಲ್ಲಿ ರೆಸಿನ್ ಇರುತ್ತದೆ, ಎನ್95 ಮಾಸ್ಕ್ ಇಲ್ಲದೆ ಉಜ್ಜಬೇಡಿ. ಅಡುಗೆಮನೆ ಪಕ್ಕದ ಬಾಲ್ಕನಿಯಲ್ಲಂತೂ ಬೇಡ.

ಟ್ರಿಗರ್ ಭಾರ ಬದಲಾಗುತ್ತಿದೆ, ಅಥವಾ ಸೇಫ್ಟಿ ಸಿಕ್ಕಿಕೊಳ್ಳುತ್ತದೆ

ಟ್ರಿಗರ್ ಹಾಳಾಗಿದೆ ಎಂದು ಅದನ್ನೇ ಬಿಚ್ಚುವವರು ಹೆಚ್ಚು. ಬಿಚ್ಚಬೇಡಿ. ಟ್ರಿಗರ್ ಪೆಟ್ಟಿಗೆಯ ಪಕ್ಕ ಮರಕ್ಕೆ ಒರೆಯುತ್ತಿದೆಯೇ ನೋಡಿ. ಸ್ಟಾಕ್‌ನಿಂದ ಹೊರಗೆ ತೆಗೆದ ಆ್ಯಕ್ಷನ್‌ನಲ್ಲಿ ಸೇಫ್ಟಿ ಸಲೀಸಾಗಿ ಓಡಿ, ಒಳಗೆ ಕೂಡಿಸಿದಾಗ ಸಿಕ್ಕಿದರೆ ತಪ್ಪು ಮರದ್ದು. ಎರಡು ಪಕ್ಕಕ್ಕೂ ಹಿಂದಕ್ಕೂ 1 ಮಿ.ಮೀ. ಜಾಗ ಮಾಡಿ. ಟ್ರಿಗರ್‌ನ ನಾಲಗೆ ಗಾರ್ಡ್‌ನ (ಟ್ರಿಗರ್ ಸುತ್ತಲಿನ ಲೋಹದ ಬಳೆಯ) ಸೀಳಿಗೆ ಒರೆಯುವುದೂ ಉಂಟು.

ಸ್ಟಾಕ್ ಕೂಡಿಸಿದ ಪ್ರತಿ ಸಲವೂ ಖಾಲಿ ರೈಫಲ್‌ನಲ್ಲಿ ಎರಡು ಪರೀಕ್ಷೆ ತಪ್ಪಿಸಬೇಡಿ. ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ, ಫೈರಿಂಗ್ ಪಿನ್ ಬೀಳಬಾರದು. ಮತ್ತೆ ಕಾಕ್ ಮಾಡಿ, ಸೇಫ್ಟಿ ಇಲ್ಲದೆ, ಬುಡವನ್ನು 20–30 ಸೆಂ.ಮೀ. ಎತ್ತರದಿಂದ ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ. ಆಗಲೂ ಬೀಳಬಾರದು. ಮರದ ಸಂದು ಸರಿ ಮಾಡಿದ ಮೇಲೂ ಎರಡರಲ್ಲಿ ಒಂದು ಕೈಕೊಟ್ಟರೆ ನಿಮ್ಮ ಕೆಲಸ ಅಲ್ಲಿಗೆ ನಿಂತಿತು. ರೈಫಲ್ ಗನ್‌ಸ್ಮಿತ್ ಹತ್ತಿರ ಹೋಗಬೇಕು, ರೇಂಜ್‌ಗಲ್ಲ.

ತೋಟಾ ಏರುವುದಿಲ್ಲ

.22ರ ಕಳಚುವ ಮ್ಯಾಗಜಿನ್ ಆದರೆ ಸ್ಟಾಕ್‌ನ ತಳ ದಪ್ಪವಾಗಿ ಮ್ಯಾಗಜಿನ್ ಒಂದು ಕೂದಲೆಳೆ ಕೆಳಗೆ ಕೂತಿರುತ್ತದೆ, ಬೋಲ್ಟ್ ತೋಟಾದ ಮೇಲೆ ಹಾರಿಹೋಗುತ್ತದೆ. ಮ್ಯಾಗಜಿನ್ ಅನ್ನು ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡಿದು ಡಮ್ಮಿ ಏರಿಸಿ ನೋಡಿ. ಏರಿದರೆ ಉತ್ತರ ಸಿಕ್ಕಿತು. ದೊಡ್ಡ ಬೋರಿನಲ್ಲಿ ಇದರ ತಿರುವುಮುರುವು: ಗಾರ್ಡ್ ಹೆಚ್ಚು ಒಳಕ್ಕೆ ಕೂತು ಮ್ಯಾಗಜಿನ್ ಡಬ್ಬಿಯನ್ನು ರಿಸೀವರ್‌ಗೆ ಒತ್ತಿ ಹಿಡಿಯುತ್ತದೆ. ಸ್ಕ್ರೂಗಳೆಲ್ಲ ಬಿಗಿಯಾದ ಮೇಲೂ ಡಬ್ಬಿಗೂ ರಿಸೀವರ್‌ಗೂ ನಡುವೆ ಅರ್ಧ ಮಿ.ಮೀ. ಸಂದು ಉಳಿಯಬೇಕು. ಉಳಿಯದಿದ್ದರೆ ರಿಸೀವರ್ ಮರದ ಮೇಲೆ ಕೂತಿಲ್ಲ, ಡಬ್ಬಿಯ ಮೇಲೆ ಕೂತಿದೆ. ಇದು ಕೆಳಗಿನ ದೂರಿಗೂ ಕಾರಣ.

ಗ್ರೂಪ್ ಹರಡುತ್ತಿದೆ

ತಲೆ ಕೆಡಿಸುವ ಲಕ್ಷಣ ಇದೇ, ಕಾರಣಗಳೂ ಇದಕ್ಕೇ ಹೆಚ್ಚು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಈಡಿನ ಗ್ರೂಪ್ ಅದೃಷ್ಟದ ಆಟ, ಐದು ಈಡಿನದನ್ನೇ ನಂಬಿ. ಮೊದಲು ಮತ್ತು ಆಮೇಲೆ ಒಂದೇ ತಯಾರಕರ, ಒಂದೇ ತೂಕದ ಗುಂಡು ಇರಲಿ.

ಮೊದಲ ಹೆಜ್ಜೆ ಸ್ಕೋಪ್. ಸ್ಟಾಕ್ ಬದಲಿಸುವಾಗ ರಿಂಗ್ ಸಡಿಲಿಸಿದವರು ಮತ್ತೆ ಅಂದಾಜಿನಲ್ಲಿ ಬಿಗಿದಿರುತ್ತಾರೆ. ರಿಂಗ್ ಸ್ಕ್ರೂಗೆ ಸಾಮಾನ್ಯವಾಗಿ 15–20 ಇಂಚು-ಪೌಂಡ್, ಅಂದರೆ 1.7ರಿಂದ 2.3 ನ್ಯೂಟನ್ ಮೀಟರ್. ಬೇಸ್ ಸ್ಕ್ರೂಗಳನ್ನೂ ನೋಡಿ.

ಎರಡನೆಯದು ಆ್ಯಕ್ಷನ್ ಸ್ಕ್ರೂ. ತಯಾರಕರು ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಮರದ ಸ್ಟಾಕ್‌ನ .22ಕ್ಕೆ 15–25 ಇಂಚು-ಪೌಂಡ್, ಪಿಲ್ಲರ್ (ಸ್ಕ್ರೂ ಸುತ್ತ ಮರದೊಳಗೆ ಕೂರಿಸುವ ಲೋಹದ ಕೊಳವೆ) ಇಲ್ಲದ ದೊಡ್ಡ ಬೋರಿಗೆ 35–45, ಅಲ್ಯೂಮಿನಿಯಂ ಪಿಲ್ಲರ್ ಇದ್ದರೆ 60ರ ಆಸುಪಾಸು. ಬಿಗಿಯುವ ಮೊದಲು ಸ್ಕ್ರೂಗಳನ್ನು ಬೆರಳಿನಷ್ಟೇ ಬಿಗಿದು, ರೈಫಲ್ ಅನ್ನು ಬುಡದ ಮೇಲೆ ನೆಟ್ಟಗೆ ನಿಲ್ಲಿಸಿ ಮ್ಯಾಟ್ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿ. ಆಗ ರಿಕಾಯಿಲ್ ಲಗ್ (ರಿಸೀವರ್ ಅಡಿಯಲ್ಲಿ ಹಿನ್ನೂಕನ್ನು ಮರಕ್ಕೆ ದಾಟಿಸುವ ಉಬ್ಬು) ಹಿಂದಕ್ಕೆ ಸರಿದು ಮರಕ್ಕೆ ಆತುಕೊಳ್ಳುತ್ತದೆ. ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ. ನಡುವೆ ಮೂರನೆಯದಿದ್ದರೆ ಅದು ಬಿದ್ದುಹೋಗದಷ್ಟು ಬಿಗಿದರೆ ಸಾಕು. ಅದನ್ನು ಎಳೆದು ಬಿಗಿದರೆ ರಿಸೀವರ್ ನಡುವೆ ಬಾಗುತ್ತದೆ.

ಟಾರ್ಕ್ ಕೊಟ್ಟ ಮೇಲೆ ಸ್ಕ್ರೂ ತಲೆಯಿಂದ ಗಾರ್ಡ್‌ಗೆ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಇಪ್ಪತ್ತು ಈಡಿನ ನಂತರ ಅದೇ ಟಾರ್ಕ್ ಕೊಟ್ಟಾಗ ಗೆರೆ ಕೂಡಿದಲ್ಲೇ ಇದ್ದರೆ ಸರಿ. ಪ್ರತಿ ಸಲವೂ ಸ್ಕ್ರೂ ಇನ್ನಷ್ಟು ತಿರುಗಿ ಗೆರೆ ದೂರವಾಗುತ್ತಾ ಹೋದರೆ ಮರ ಒಳಗೆ ಜಜ್ಜಿಕೊಳ್ಳುತ್ತಿದೆ. ಇನ್ನೂ ಬಿಗಿಯುವುದು ಪರಿಹಾರವಲ್ಲ, ಪಿಲ್ಲರ್ ಹಾಕಬೇಕು.

ಮೂರನೆಯದು ನಳಿಗೆಯ ಗಾಡಿ, ಅಂದರೆ ನಳಿಗೆ ಕೂರಲು ಸ್ಟಾಕ್‌ನಲ್ಲಿ ಕೊರೆದ ಕಾಲುವೆ. ಎ4 ಹಾಳೆಯ ಒಂದು ಪಟ್ಟಿಯನ್ನು ನಳಿಗೆಯಡಿ ತೂರಿಸಿ, ಎರಡು ತುದಿ ಹಿಡಿದು ಮುಂಭಾಗದಿಂದ ರಿಸೀವರ್‌ವರೆಗೆ ಎಳೆದುಕೊಂಡು ಹೋಗಿ. ಎಲ್ಲಿ ನಿಂತಿತೋ ಅಲ್ಲಿ ಮರ ತಾಗಿದೆ. ಹಾಳೆ ಸುಮಾರು 0.1 ಮಿ.ಮೀ. ಮಾತ್ರ. ಅದು ಹಾದುಹೋದ ಮಾತ್ರಕ್ಕೆ ಸಾಕೆನ್ನಬೇಡಿ. ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಬಿಟ್ಟಾಗ, ರೈಫಲ್‌ನ ಹೆಗಲ ಪಟ್ಟಿ ಎಳೆದಾಗ ಮುಂಭಾಗ ಬಾಗುತ್ತದೆ. 1ರಿಂದ 1.5 ಮಿ.ಮೀ. ಸಂದು ಬೇಕು, ಎರಡೂ ಪಕ್ಕಕ್ಕೆ ಒಂದೇ ಸಮ. ಹೆಗಲ ಪಟ್ಟಿ ಸಿಕ್ಕಿಸುವ ಸ್ವಿವೆಲ್ ಸ್ಕ್ರೂ ತುದಿ ಗಾಡಿಯೊಳಗೆ ಮೇಲೆದ್ದು ನಳಿಗೆಗೆ ಚುಚ್ಚುತ್ತಿರುವುದು ಯಾರ ಕಣ್ಣಿಗೂ ಬೀಳದ ಕಾರಣ. ಟಾರ್ಚ್ ಬಿಟ್ಟು ನೋಡಿ.

ಗುರಿಹಲಗೆಯೂ ಮಾತಾಡುತ್ತದೆ. ನಳಿಗೆ ಬಿಸಿಯಾದಂತೆ ಈಡುಗಳು ಒಂದೇ ದಿಕ್ಕಿಗೆ ಸಾಲಾಗಿ ಸರಿದರೆ ನಳಿಗೆ ಎಲ್ಲೋ ಮರಕ್ಕೆ ತಾಗುತ್ತಿದೆ. ಎರಡು ಪುಟ್ಟ ಗ್ರೂಪ್ ಬೇರೆ ಬೇರೆ ಬಿದ್ದರೆ ಆ್ಯಕ್ಷನ್ ಎರಡು ಜಾಗದಲ್ಲಿ ಕೂರುತ್ತಿದೆ: ಸಡಿಲ ಸ್ಕ್ರೂ, ಅಥವಾ ಲಗ್ ಹಿಂದೆ ಸಂದು. ಬಿಚ್ಚಿ ಕೂಡಿಸಿದ ಮೇಲಿನ ಮೊದಲ ಒಂದೆರಡು ಈಡು ಮಾತ್ರ ದೂರ ಬಿದ್ದು ಉಳಿದವು ಸರಿಯಿದ್ದರೆ ಲಗ್ ಆಗಷ್ಟೇ ಹಿಂದಕ್ಕೆ ಕೂರುತ್ತಿದೆ, ಮೇಲೆ ಹೇಳಿದ ಕುಟ್ಟುವ ಕೆಲಸ ತಪ್ಪಿದೆ.

ನಾಲ್ಕನೆಯದು ಒತ್ತಡದ ಪರೀಕ್ಷೆ. ನಳಿಗೆಗೂ ಸ್ಟಾಕ್‌ನ ಮುಂತುದಿಗೂ ಸೇರಿಸಿ ಬೆರಳಿಟ್ಟು, ಮುಂದಿನ ಸ್ಕ್ರೂ ಸಡಿಲಿಸಿ ಬಿಗಿಯಿರಿ. ಬೆರಳಿಗೆ ಚಲನೆ ಗೊತ್ತಾದರೆ ಆ್ಯಕ್ಷನ್ ಸಮವಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಾಗಿಸಿ ಹಿಡಿದಿದೆ. ಡಯಲ್ ಗೇಜ್ ಇದ್ದರೆ 0.05 ಮಿ.ಮೀ. ಒಳಗೆ ಒಳ್ಳೆಯದು, 0.1 ದಾಟಿದರೆ ಬೆಡ್ಡಿಂಗ್ (ಆ್ಯಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ ಅಂಟು ತುಂಬಿ ಅಚ್ಚಿನಂತೆ ಹೊಂದಿಸುವುದು) ಬೇಕೇ ಬೇಕು. ಹಿಂದಿನ ಸ್ಕ್ರೂಗೂ ಇದೇ ಪರೀಕ್ಷೆ.

ಬೆಡ್ಡಿಂಗ್ ಮಾಡುವುದಾದರೆ ಮೊದಲು ರಿಕಾಯಿಲ್ ಲಗ್‌ಗೆ ಮಸಿ ಹಚ್ಚಿ ಕೂರಿಸಿ ತೆಗೆಯಿರಿ. ಕಪ್ಪು ಲಗ್‌ನ ಹಿಂಬದಿಯ ಮುಖದ ಗುರುತಿನಲ್ಲಿ ಮಾತ್ರ, ಅದೂ ಅಗಲಕ್ಕೆ, ಬೀಳಬೇಕು. ಮುಂದೆ, ಪಕ್ಕ, ತಳ ತಾಗಬಾರದು. ಎಪಾಕ್ಸಿ ಹಾಕುವಾಗ ಆ ಮೂರು ಕಡೆಗೆ ಪಿವಿಸಿ ಟೇಪ್ ಒಂದು ಸುತ್ತು ಅಂಟಿಸಿದರೆ ಸಂದು ತಾನೇ ಉಳಿಯುತ್ತದೆ. ಲಗ್ ಸುತ್ತಲೂ ಟ್ಯಾಂಗ್ (ರಿಸೀವರ್‌ನ ಹಿಂದಿನ ನಾಲಗೆ) ಅಡಿಯಲ್ಲೂ 2–3 ಮಿ.ಮೀ. ಮರ ತೆಗೆದು, ಉಕ್ಕಿನ ಪುಡಿ ಬೆರೆತ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ತುಂಬಿ. 25–30 ಗ್ರಾಂ ಧಾರಾಳ. ಐದು ನಿಮಿಷದ ಎಪಾಕ್ಸಿ ಆ್ಯಕ್ಷನ್ ಕೂರುವ ಮೊದಲೇ ಬಿಗಿಯುತ್ತದೆ. ಎಂ-ಸೀಲ್ ಮನೆಯ ನೀರಿನ ಪೈಪಿಗೆ ಇರಲಿ, ಈ ಕೆಲಸಕ್ಕೆ ಅದು ಹರಿಯುವುದೇ ಇಲ್ಲ.

ಕೆಲಸ ಕೆಡುವುದು ಎಪಾಕ್ಸಿ ಲೋಹಕ್ಕೆ ಅಂಟದಂತೆ ಮಾಡುವ ತಯಾರಿಯಲ್ಲಿ. ಲೋಹದ ಪ್ರತಿ ಮೈಗೂ, ಸ್ಕ್ರೂ ಎಳೆಗಳಿಗೂ ಬಣ್ಣವಿಲ್ಲದ ಶೂ ಪಾಲಿಶ್ ಎರಡು ಸಲ ಹಚ್ಚಿ ಉಜ್ಜಿ. ತೂತು, ಸೀಳು, ಪಿನ್ ರಂಧ್ರಗಳಿಗೆಲ್ಲ ಮಕ್ಕಳಾಡುವ ಜೇಡಿ ತುಂಬಿ. ಎಪಾಕ್ಸಿ ಒಂದು ತೂತಿಗೆ ಇಳಿದು ಕೊಕ್ಕೆಯಾದರೆ ಪಾಲಿಶ್ ಎಷ್ಟಿದ್ದರೂ ಆ್ಯಕ್ಷನ್ ಹೊರಬರುವುದಿಲ್ಲ. ಸ್ಕ್ರೂ ಬೆರಳಿನಷ್ಟೇ ಬಿಗಿಯಿರಿ. ಟಾರ್ಕ್ ಕೊಟ್ಟರೆ ನಿವಾರಿಸಬೇಕೆಂದಿದ್ದ ಬಾಗೇ ಎಪಾಕ್ಸಿಯಲ್ಲಿ ಅಚ್ಚಾಗುತ್ತದೆ. ಉಕ್ಕಿ ಬಂದದ್ದನ್ನು ಬಿಳಿ ವಿನೆಗರ್ ಅದ್ದಿದ ಹತ್ತಿಯಲ್ಲಿ ಒರೆಸಿ, 24 ಗಂಟೆ ಬಿಡಿ. ಜುಲೈ ತಿಂಗಳ ಮುಂಬೈಯಲ್ಲಿ ಇದನ್ನು ಏಸಿ ಕೋಣೆಯಲ್ಲೇ ಮಾಡಿ, ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಸಾಧ್ಯವಾದರೆ ದೀಪಾವಳಿ ಕಳೆಯುವವರೆಗೆ ಕಾಯಿರಿ.

ಟ್ಯಾಂಗ್ ಹಿಂದೆ ಸೀಳು ಅಥವಾ ಚಕ್ಕೆ

ರಿಸೀವರ್‌ನ ಹಿಂದಿನ ನಾಲಗೆ ಮರಕ್ಕೆ ಒತ್ತಿಕೊಂಡಿದ್ದರೆ ಪ್ರತಿ ಈಡಿಗೂ ಅದು ಬೆಣೆ ಹೊಡೆದಂತೆ ಸ್ಟಾಕ್‌ನ ಮಣಿಕಟ್ಟಿನ (ಕೈ ಹಿಡಿಯುವ ಕಿರಿದಾದ ಭಾಗದ) ಕಡೆ ನುಗ್ಗುತ್ತದೆ. ಲ್ಯಾಮಿನೇಟ್‌ನಲ್ಲಿ ಮೊದಲು ಕಾಣುವುದು ಬಿರುಕಲ್ಲ, ವಾರ್ನಿಶ್ ಬೆಳ್ಳಗಾಗುವುದು ಅಥವಾ ಎರಡು ಬಣ್ಣದ ಪದರಗಳ ನಡುವೆ ಕೂದಲಿನಂಥ ಗೆರೆ. ಟ್ಯಾಂಗ್ ಹಿಂದೆ 1ರಿಂದ 1.5 ಮಿ.ಮೀ. ಸಂದು ಮಾಡಿ, ಲಗ್ ಹಿಂಬದಿ ಆತಿದೆಯೇ ಎಂದು ಮತ್ತೆ ಮಸಿ ಹಚ್ಚಿ ನೋಡಿ. ಲಗ್ ಆತಿದ್ದರೆ ಟ್ಯಾಂಗ್‌ಗೆ ಈ ಹೊರೆ ಬರುವುದೇ ಇಲ್ಲ. ಸೀಳು ಮಣಿಕಟ್ಟಿನ ಅಡ್ಡಕ್ಕೆ ಹೋಗಿದ್ದರೆ, ಅಥವಾ ಕೈಯಲ್ಲಿ ಹಿಡಿದು ತಿರುಚಿದಾಗ ತೆರೆದುಕೊಂಡರೆ, ಅಂಟು ಹಾಕಿ ಹೊಡೆಯುವ ಸಾಹಸ ಬೇಡ. ಬಡಗಿಯನ್ನು ಕರೆದು ಫೆವಿಕಾಲ್ ಹಾಕಿಸುವುದಂತೂ ಬೇಡವೇ ಬೇಡ.

ಮಳೆಗಾಲದ ನಂತರ ಎಲ್ಲ ಬದಲಾಗಿದೆ

ಲ್ಯಾಮಿನೇಟ್‌ಗೆ ತೇವ ತಾಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಹೊರಮೈಯ ಲೇಪ ಗಟ್ಟಿ, ಆದರೆ ಒಳಗೆ ಕೊರೆದ ಜಾಗ, ನಳಿಗೆಯ ಗಾಡಿ, ಸ್ಕ್ರೂ ತೂತು, ರಿಕಾಯಿಲ್ ಪ್ಯಾಡ್ (ಬುಡದಲ್ಲಿ ಹೆಗಲಿಗೆ ಆತುಕೊಳ್ಳುವ ರಬ್ಬರ್) ಅಡಿಯ ಮರ ಹಲವು ಸಲ ಬರಿಯ ಮರವೇ. ನೀರು ಕುಡಿಯುವುದು ಅಲ್ಲೇ. ಏಪ್ರಿಲ್ ಮಧ್ಯಾಹ್ನದ ಪುಣೆಯ ಒಣಗಾಳಿಯಲ್ಲಿ ಹೊಂದಿಸಿದ ಸ್ಟಾಕ್ ಜುಲೈಯಲ್ಲಿ ಗೋವಾದ ವಾಸ್ಕೋದ ಕಪಾಟಿನಲ್ಲಿದ್ದರೆ ಉಬ್ಬದೆ ಏನು ಮಾಡೀತು? ಚುನಾವಣೆ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ವಾಪಸ್ ತಂದ ರೈಫಲ್‌ಗಳಿಗೂ ಇದೇ ಗತಿ.

ಪ್ಯಾಡ್ ತೆಗೆದು ಬರಿ ಸ್ಟಾಕ್ ಅನ್ನು ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ತೂಗಿ. ತೂಕ ಏರಿದೆಯೆಂದರೆ ತೇವ ಒಳಗಿದೆ. ಬಿಸಿಲಿಗಿಡಬೇಡಿ. ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ ತೂಕ ಇಳಿದು ನಿಲ್ಲುವವರೆಗೆ ಕಾದು, ಬರಿಯ ಮರಕ್ಕೆ ತೆಳು ಮಾಡಿದ ಪಿಯು (ಪಾಲಿಯುರೆಥೇನ್) ವಾರ್ನಿಶ್ ಎರಡು ಮೂರು ಸಲ ಹಚ್ಚಿ. ಎಪಾಕ್ಸಿ ಹಿಡಿಯಬೇಕಾದ ಜಾಗಕ್ಕೆ ಮಾತ್ರ ಬೆಡ್ಡಿಂಗ್ ಆದ ಮೇಲೇ ವಾರ್ನಿಶ್. ಲೇಪಕ್ಕೂ ದಪ್ಪ ಇದೆ ಎಂಬುದನ್ನು ಮರೆಯಬೇಡಿ: ಬಿಗಿಯಾಗಿ ಕೂರುತ್ತಿದ್ದದ್ದು ಹಚ್ಚಿದ ಮೇಲೆ ಸಿಕ್ಕಿಕೊಳ್ಳುತ್ತದೆ.

ಕರಾವಳಿಯಲ್ಲಿ ಸ್ಟಾಕ್ ಅಡಿಯ ನಳಿಗೆ ಮೊದಲು ತುಕ್ಕು ಹಿಡಿಯುತ್ತದೆ, ಮೇಲಿನಿಂದ ಒರೆಸುವವರಿಗೆ ಅದು ಕಾಣುವುದಿಲ್ಲ. ಪದೇ ಪದೇ ಬಿಚ್ಚುವುದು ಬೆಡ್ಡಿಂಗ್‌ಗೆ ಒಳ್ಳೆಯದಲ್ಲ, ಆದರೂ ಗೋವಾದಲ್ಲಿ ಮಳೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಬಿಚ್ಚಿ ನಳಿಗೆಯಡಿ ಮೇಣ ಹಚ್ಚಲೇಬೇಕು.

ಸ್ಕೋಪ್ ಹುಬ್ಬಿಗೆ ಬಡಿಯುತ್ತದೆ, ಅಥವಾ ಬೋಲ್ಟ್ ಹೊರಗೆ ಬರುವುದಿಲ್ಲ

ಹೊಸ ಸ್ಟಾಕ್ ಗಿಡ್ಡವಾಗಿದ್ದರೆ ಕಣ್ಣು ಮುಂದಕ್ಕೆ ಹೋಗುತ್ತದೆ. ಟ್ರಿಗರ್‌ನಿಂದ ಬುಡದವರೆಗೆ ಹಳೆಯದರ ಅಳತೆ ಹೋಲಿಸಿ, ಸ್ಕೋಪ್ ಅನ್ನು ಮುಂದಕ್ಕೆ ಸರಿಸಿ ಕಣ್ಣಿಗೂ ಗಾಜಿಗೂ 75–100 ಮಿ.ಮೀ. ಅಂತರ ಉಳಿಸಿ. ಕೆನ್ನೆಯ ಏರು ಹೆಚ್ಚಿರುವ ಸ್ಟಾಕ್‌ನಲ್ಲಿ ಬೋಲ್ಟ್ ಹೊರಬರುವಾಗ ಮರಕ್ಕೆ ತಾಗಿದರೆ ಏರಿನ ಮುಂತುದಿಗೆ ಬೋಲ್ಟ್ ಅಗಲದ ಸಣ್ಣ ಕಾಲುವೆ ಕೆರೆದು ಅಲ್ಲೂ ವಾರ್ನಿಶ್ ಹಚ್ಚಿ. ಅದೇ ಏರಿನಿಂದ ಲೋಹದ ಸೈಟ್ ಕಾಣದಿದ್ದರೆ ಕೆರೆಯಲು ಹೋಗಬೇಡಿ. ಅದು ಸ್ಕೋಪ್‌ಗೆಂದೇ ಮಾಡಿದ ಸ್ಟಾಕ್, ಸೈಟ್‌ಗೆ ಬೇಕಾದ ಸ್ಟಾಕ್ ಬೇರೆ.

ಇಷ್ಟೆಲ್ಲ ನೋಡಿದ ಮೇಲೂ ಗ್ರೂಪ್ ಕೂಡದಿದ್ದರೆ ಹಳೆಯ ಸ್ಟಾಕ್ ಮತ್ತೆ ಹಾಕಿ, ಅದೇ ತೋಟಾದಲ್ಲಿ ಐದು ಈಡಿನ ಎರಡು ಗ್ರೂಪ್ ಹೊಡೆಯಿರಿ. ಅದರಲ್ಲೂ ಹರಡಿದರೆ ನಳಿಗೆ, ಕ್ರೌನ್ (ನಳಿಗೆಯ ಬಾಯಂಚು), ಸ್ಕೋಪ್‌ಗಳ ಕಡೆ ಗನ್‌ಸ್ಮಿತ್ ನೋಡಲಿ. ಹಳೆಯದರಲ್ಲಿ ಕೂಡಿ ಹೊಸದರಲ್ಲಿ ಹರಡಿದರೆ ಎರಡೂ ಗುರಿಹಲಗೆ, ಮಸಿ ಗುರುತು ಬಿದ್ದ ಸ್ಟಾಕ್‌ನ ಫೋಟೊ, ಸ್ಕ್ರೂಗೆ ಕೊಟ್ಟ ಟಾರ್ಕ್ ಅಂಕಿ ಇಷ್ಟನ್ನೂ ರೈಫಲ್ ಜೊತೆ ಕೊಡಿ. ಅವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ನಿಮಗೆ ಅದರ ಕೂಲಿ.